ಮಂಜರಾಬಾದು ಸೀಮೆಯ ಮನೆಗಾವಲು: ಕೋವಿ ಮತ್ತು ಬೆಳಕು

ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಸೀಮೆಯಲ್ಲಿ ಮನೆಗಳು ಒಂದಕ್ಕೊಂದು ದೂರ. ಒಂದು ಒಕ್ಕಲ ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗದ್ದೆಬಯಲನ್ನೋ ಹಳ್ಳವನ್ನೋ ಕಾಫಿ ತೋಟವನ್ನೋ ದಾಟಬೇಕು. ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿ ನೆರೆಯವರಿಲ್ಲದ ಇಂಥ ನಾಡಿನಲ್ಲಿ ರಾತ್ರಿಯ ರಕ್ಷಣೆಯ ಹೊಣೆ ಬಹುಮಟ್ಟಿಗೆ ಮನೆಯವರ ಮೇಲೆಯೇ ಬೀಳುವುದು ಸಹಜ. ಅರಸರ ಯುದ್ಧಗಳ ಚರಿತ್ರೆಯಲ್ಲಿ ಆಯುಧಗಳಿಗೆ ವಿಪುಲವಾದ ಸ್ಥಾನ ದೊರೆತಿದೆ. ಗೃಹಸ್ಥನ ಗೋಡೆಗೆ ತೂಗಿದ ಕೋವಿಗೆ ಅಷ್ಟು ಸ್ಥಾನ ದೊರೆತಿಲ್ಲ. ಆ ಕೋವಿಯೊಡನೆ ಕತ್ತಲಲ್ಲಿ ನಡೆದ ದೀಪವನ್ನಂತೂ ನಾವು ಗಮನಿಸಿದ್ದು ತೀರ ಕಡಮೆ. ಇವೆರಡರ ಸಂಬಂಧವನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ಸೀಮೆಗೆ ಹಿಂದೆ ಬಲಂ ಎಂಬ ಹೆಸರಿತ್ತು. ಐಗೂರಿನ ಪಾಳೆಯಗಾರರು ಇದನ್ನು ಆಳುತ್ತಿದ್ದರು. ಟಿಪ್ಪು ಸುಲ್ತಾನನು ಸಕಲೇಶಪುರದ ಬಳಿಯ ಗುಡ್ಡದ ಮೇಲೆ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯನ್ನು ಕಟ್ಟಿಸಿದ ಮೇಲೆ ಅದರ ಹೆಸರಾದ ಮಂಜರಾಬಾದು ಎಂಬುದೇ ಸೀಮೆಗೂ ರೂಢಿಯಾಯಿತು. ಫಿರಂಗಿಗಳ ಕಾಲಕ್ಕೆ ತಕ್ಕಂತೆ ಯೋಜಿಸಿದ ಈ ಕೋಟೆಯ ಒಳಗೆ ಮದ್ದನ್ನಿಡಲು ನೆಲಮಾಳಿಗೆಗಳಿವೆ. ಆದರೆ 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಐಗೂರಿನ ವೆಂಕಟಾದ್ರಿ ನಾಯಕನು ಇಂಗ್ಲಿಷರನ್ನು ಎದುರಿಸಿದ್ದು ಇಂಥ ಕಲ್ಲುಕೋಟೆಯ ಬಲದಿಂದಲ್ಲ, ಕಾಡಿನ ಬಲದಿಂದ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯವು ಅರಕೆರೆಯ ನೆಲೆಯನ್ನು ಹಿಡಿಯಿತು. ಮರುತಿಂಗಳು ನಾಯಕನು ಸೆರೆಸಿಕ್ಕಿ ಗಲ್ಲಿಗೇರಿದನು. ಸೀಮೆಯ ರಾಜಕೀಯ ಪ್ರತಿಭಟನೆ ಅಲ್ಲಿಗೆ ಅಡಗಿತು. ಆದರೆ ಕಾಡು ಅಲ್ಲಿಯೇ ಉಳಿಯಿತು. ಕಾಡಿನೊಡನೆ ಹುಲಿ, ಹಂದಿ, ಆನೆಗಳೂ ಉಳಿದುವು.

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಯೂರೋಪಿಯನ್ ತೋಟಗಾರರು ಇಲ್ಲಿಗೆ ಬಂದು ಕಾಫಿಯ ಬೇಸಾಯವನ್ನು ಹಬ್ಬಿಸಿದರು. ಅವರಲ್ಲಿ ಪ್ರಸಿದ್ಧನಾದ ರಾಬರ್ಟ್ ಎಲಿಯಟ್ಟನು 1894ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲೇ ಚಿನ್ನ ಮತ್ತು ಕಾಫಿಯ ಜೊತೆಗೆ ಬೇಟೆಯೂ ಸೇರಿಕೊಂಡಿರುವುದು ಆ ಕಾಲದ ತೋಟದ ಬಾಳಿಗೆ ಕನ್ನಡಿ ಹಿಡಿದಂತಿದೆ. ಕೋವಿಗಳಲ್ಲಿ ಮೇಲುಕೀಳಿನ ಶ್ರೇಣಿಯೊಂದಿತ್ತು. ನಳಿಗೆಯ ಬಾಯಿಂದ ಮದ್ದು, ನಾರು, ಚರೆಗಳನ್ನು ಗಜದಿಂದ ಇಡಿದು, ಕೇಪನ್ನಿಟ್ಟು ಹಾರಿಸುವ ಕೇಪಿನ ಕೋವಿಯು ಸಾಮಾನ್ಯ ರೈತನದು. ಹಿಂಬದಿಯಿಂದ ತೋಟಾ ತುಂಬುವ ಜೋಡುನಳಿಗೆಯ ಕೋವಿಯು ಅನುಕೂಲಸ್ಥರದು. ದೂರಕ್ಕೆ ಒಂಟಿ ಗುಂಡನ್ನು ಹಾರಿಸುವ ರೈಫಲು ಬೇಟೆಯ ದೊರೆಗಳದು. ಮನೆಗಾವಲಿನ ದೃಷ್ಟಿಯಿಂದ ನೋಡಿದರೆ ಈ ಮೂರರಲ್ಲಿ ಅತ್ಯಂತ ದುಬಾರಿಯಾದುದೇ ಅತ್ಯಂತ ಉಪಯುಕ್ತವಾದುದಲ್ಲ. ರೈಫಲಿನ ಗುಂಡು ಗುರಿಯನ್ನು ದಾಟಿ ಬಹುದೂರ ಹೋಗುತ್ತದೆ. ಅಂಗಳದಾಚೆ ಕೊಟ್ಟಿಗೆಯೂ ಆಳುಗಳ ಮನೆಯೂ ಇರುವೆಡೆ ಅದು ಅಪಾಯವೇ ಸರಿ. ಚರೆಯ ಬಲವಾದರೋ ಅದಕ್ಕಿಂತ ಬೇಗನೆ ಕುಂದುತ್ತದೆ. ಕೇಪಿನ ಕೋವಿಯಾದರೆ ಒಂದೇ ಈಡು; ಮಳೆಗಾಲದಲ್ಲಿ ಮದ್ದು ತಣಿದರೆ ಅದೂ ಇಲ್ಲ.

ಈ ಕೋವಿಗಳೆಲ್ಲಕ್ಕೂ ಸಮಾನವಾದ ಒಂದು ಕೊರತೆಯಿತ್ತು: ಅವು ಎರಡು ಕೈಗಳನ್ನೂ ಬೇಡುತ್ತಿದ್ದುವು. ದೊಂದಿಯನ್ನಾಗಲಿ ಲಾಟೀನನ್ನಾಗಲಿ ಹಿಡಿಯುವುದಕ್ಕೆ ಮೂರನೆಯ ಕೈ ಬೇಕಾಗಿತ್ತು. ಮದ್ದಿನ ಕೋವಿಯ ಸಮೀಪಕ್ಕೆ ಉರಿಯುವ ದೊಂದಿಯನ್ನು ತರುವಂತೆಯೂ ಇರಲಿಲ್ಲ. ಆದುದರಿಂದ ರಾತ್ರಿಯ ಕಾವಲು ಇಬ್ಬರ ಕೆಲಸವಾಗಬೇಕಾಗಿತ್ತು: ಒಬ್ಬನದು ಬೆಳಕು, ಮತ್ತೊಬ್ಬನದು ಕೋವಿ. ಬೆಳಕು ಹಿಡಿದವನು ಮೊದಲು ಕಾಣಬೇಕು, ಕೋವಿ ಹಿಡಿದವನು ಆಮೇಲೆ ಎತ್ತಬೇಕು. ಈ ವಿಭಜನೆಯಲ್ಲಿ ಒಂದು ವಿವೇಕವಿತ್ತು. ಒಂದು ಅನ್ಯಾಯವೂ ಇತ್ತು. ನೋಡುವ ಕ್ರಿಯೆಗೂ ಕೊಲ್ಲುವ ಕ್ರಿಯೆಗೂ ನಡುವೆ ಒಂದು ಕ್ಷಣದ ಬಿಡುವು ದೊರೆಯುತ್ತಿದ್ದುದು ವಿವೇಕ. ಕತ್ತಲಲ್ಲಿ ಬೆಳಕು ಹಿಡಿದವನೇ ಎಲ್ಲರಿಗಿಂತ ಮೊದಲು ಕಾಣಿಸಿಕೊಳ್ಳುತ್ತಾನೆ. ಯಜಮಾನನ ಕೈಯಲ್ಲಿ ಕೋವಿಯಿದ್ದರೆ ದೀಪವು ಆಳಿನ ಪಾಲಿಗೆ ಬರುವುದೇ ಸಹಜವಾದುದು ಅನ್ಯಾಯ.

ನಮ್ಮ ಹಳ್ಳಿಗರು ಬ್ಯಾಟರಿ ಎಂದೇ ಕರೆಯುವ ವಿದ್ಯುತ್ ದೀವಟಿಗೆ ಬಂದ ಮೇಲೆ ಈ ಇಬ್ಬರ ಕೆಲಸ ಒಬ್ಬನಿಗೇ ಸೇರಿತು. ಬೆಂಗಳೂರಿನ ಪ್ರಸಿದ್ಧ ಬೇಟೆಗಾರ ಹಾಗೂ ಲೇಖಕ ಕೆನೆತ್ ಆಂಡರ್ಸನ್ನನು ರಾತ್ರಿಯ ಕಾವಲಿನಲ್ಲಿ ರೈಫಲಿಗೇ ಬ್ಯಾಟರಿಯನ್ನು ಬಿಗಿದುಕೊಳ್ಳುತ್ತಿದ್ದನು. ಜಿಮ್ ಕಾರ್ಬೆಟ್ಟನು 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕೊಂದದ್ದು ಇಂಥ ಬೆಳಕಿನಲ್ಲಿಯೇ. ಆದರೆ ಗುಂಡು ಹಾರಿದ ಕ್ಷಣದಲ್ಲೇ ಆ ಬೆಳಕು ನಂದಿಹೋಯಿತು. ಮೀಸಲು ದೀಪವೊಂದು ಕೈಯಳತೆಯಲ್ಲಿರಬೇಕೆಂಬ ಪಾಠಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಬೇಕಿಲ್ಲ. ಇದಕ್ಕಿಂತ ಗಹನವಾದ ಮತ್ತೊಂದು ಪಾಠವುಂಟು. ಕೋವಿಗೆ ಬಿಗಿದ ದೀಪದಿಂದ ಏನನ್ನಾದರೂ ನೋಡಬೇಕಾದರೆ ನಳಿಗೆಯನ್ನೇ ಅದರತ್ತ ತಿರುಗಿಸಬೇಕಾಗುತ್ತದೆ. ಬಂದವನು ಕಳ್ಳನೋ, ದಾರಿತಪ್ಪಿದ ನೆರೆಯವನೋ, ಹೊರಗೆದ್ದ ಮನೆಯ ಮಗನೋ ಎಂಬುದು ತಿಳಿಯುವ ಮೊದಲೇ ಅವನು ಗುರಿಯಾಗಿರುತ್ತಾನೆ. ಆದಕಾರಣ ನೋಡುವ ದೀಪವು ಕೋವಿಯಿಂದ ಬೇರೆಯಾಗಿರುವುದು ಮನೆಯ ಮಟ್ಟಿಗೆ ಕ್ಷೇಮವೆಂದು ನಮ್ಮ ಅಭಿಪ್ರಾಯ.

ಕಾನೂನು ಸಹ ರಾತ್ರಿಯನ್ನು ಪ್ರತ್ಯೇಕವಾಗಿ ಎಣಿಸಿದೆ. ಪ್ರಾಣಹಾನಿಯವರೆಗೂ ಆತ್ಮರಕ್ಷಣೆಯ ಹಕ್ಕು ವಿಸ್ತರಿಸಬಹುದಾದ ಸಂದರ್ಭಗಳಲ್ಲಿ ರಾತ್ರಿಯ ಕನ್ನಗಳವನ್ನು 1860ರ ದಂಡಸಂಹಿತೆಯು ಸೇರಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಅದನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಕಾಲವೆಂದು ಹೇಳಿದೆ. ಆದರೆ ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದೆಂಬ ಮಿತಿಯು ಎರಡರಲ್ಲಿಯೂ ಇದೆ. ಅವಶ್ಯಕತೆಯನ್ನು ಅಳೆಯಬೇಕಾದರೆ ಎದುರಿಗಿರುವುದು ಕಾಣಬೇಕು. ಹೀಗೆ ಬೆಳಕು ಅನುಕೂಲಕ್ಕೆ ಮಾತ್ರವಲ್ಲದೆ ನ್ಯಾಯಕ್ಕೂ ಸಂಬಂಧಿಸಿದ್ದು.

ಕೋವಿಯನ್ನು ಇಟ್ಟುಕೊಳ್ಳುವ ಹಕ್ಕಿನ ವಿಷಯದಲ್ಲಿ ಈ ಸೀಮೆಯ ಸ್ಥಿತಿಯನ್ನು ನೆರೆಯ ಕೊಡಗಿನೊಡನೆ ಹೋಲಿಸುವುದು ಉಚಿತ. 1857ರ ದಂಗೆಯ ತರುವಾಯ ಸರ್ಕಾರವು ಜನರ ನಿರಾಯುಧೀಕರಣಕ್ಕೆ ತೊಡಗಿದಾಗ, ಮೈಸೂರು ಮತ್ತು ಕೊಡಗುಗಳೆರಡಕ್ಕೂ ಮುಖ್ಯಾಧಿಕಾರಿಯಾಗಿದ್ದ ಮಾರ್ಕ್ ಕಬ್ಬನ್ನನು 1861ರಲ್ಲಿ ಕೊಡವರಿಗೆ ವಿನಾಯಿತಿಯನ್ನಿತ್ತನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಲ್ಲುವ ಆ ವಿನಾಯಿತಿಯನ್ನು 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು 2029ರವರೆಗೆ ಮುಂದುವರಿಸಿತು. ಯಸಳೂರು ಹೋಬಳಿಯ ಗಡಿಯಾಚೆ ಹಕ್ಕಾಗಿರುವುದು ಈಚೆಗೆ ಪರವಾನಗಿಯ ವಿಷಯ. 1959ರ ಆಯುಧ ಕಾಯಿದೆಯ 13ನೆಯ ಪ್ರಕರಣವು ರಕ್ಷಣೆಗಾಗಿ ಇಪ್ಪತ್ತು ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನೂ, ಬೆಳೆರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಯನ್ನೂ ಪ್ರತ್ಯೇಕವಾಗಿ ಹೆಸರಿಸುತ್ತದೆ. ಜೋಡುನಳಿಗೆಗೂ ಕೇಪಿನ ಕೋವಿಗೂ ಇದ್ದ ಹಳೆಯ ಶ್ರೇಣಿಭೇದವೇ ಇಲ್ಲಿ ಶಾಸನರೂಪವನ್ನು ತಾಳಿದೆಯೆಂದು ಹೇಳಬಹುದು. 2019ರ ತಿದ್ದುಪಡಿಯು ಒಬ್ಬನಿಗೆ ಎರಡೇ ಕೋವಿಗಳೆಂದು ಮಿತಿಗೊಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು.

ಇಷ್ಟಾದರೂ ಈ ಸೀಮೆಯ ಮನೆಗಳಿಗೆ ಇಂದು ಇರುವ ಮುಖ್ಯ ಭಯವು ಕಳ್ಳರದಲ್ಲ, ಆನೆಗಳದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 1991ರ ಅದರ ತಿದ್ದುಪಡಿಯ ಬಳಿಕ ಬೇಟೆಯ ಕಾಲವು ಮುಗಿಯಿತು. ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ಕಾಯಿದೆಯಲ್ಲಿ ರಕ್ಷಣೆಯಿದ್ದರೂ, ಬೆಳೆಗಾಗಿ ಆನೆಯನ್ನು ಹೊಡೆಯುವಂತಿಲ್ಲ. ಚರೆಯಿಂದ ಗಾಯಗೊಂಡ ಆನೆಯು ಮೊದಲಿಗಿಂತ ಅಪಾಯಕಾರಿ. ಕೋವಿಯ ಸಾಮರ್ಥ್ಯಕ್ಕೂ ಎಲ್ಲೆಯುಂಟೆಂಬುದನ್ನು 2023ನೆಯ ವರ್ಷವು ಕಠೋರವಾಗಿ ತೋರಿಸಿಕೊಟ್ಟಿತು. ಆ ವರ್ಷದ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಕಾಡಾನೆಗೆ ಚಿಕಿತ್ಸೆ ಮಾಡಲೆಂದು ಅರಿವಳಿಕೆಯ ಕೋವಿ ಹಿಡಿದು ಹೋದ, ಆ ಕೆಲಸದಲ್ಲಿ ನುರಿತವರೊಬ್ಬರು ಅದೇ ಆನೆಯಿಂದ ಹತರಾದರು. ಡಿಸೆಂಬರ್ 4ರಂದು ಯಸಳೂರಿನ ಬಳಿ, ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತಿದ್ದ ಅರ್ಜುನನು ಕಾಡಾನೆಯೊಡನೆ ಕಾದಾಡುತ್ತ ಮಡಿಯಿತು. ತಜ್ಞರ ಕೈಯ ಕೋವಿಗೇ ಈ ಗತಿಯಾದರೆ, ಗೋಡೆಯ ಮೇಲಿನ ಕೇಪಿನ ಕೋವಿಗೆ ಉಳಿದಿರುವ ಕೆಲಸ ಸದ್ದು ಮಾಡುವುದಷ್ಟೆ.

ಇಲ್ಲಿ ನಾವು ಮರೆಯಬಾರದವರು ತೋಟದ ಲೈನುಮನೆಗಳವರು. ಬೆಳಗಿನ ಮಂಜಿನಲ್ಲಿ ಕೆಲಸಕ್ಕೂ, ಸಂಜೆಗತ್ತಲೆಯಲ್ಲಿ ಮನೆಗೂ ಕಾಲ್ನಡೆಯಾಗಿ ಹೋಗುವವರು ಅವರು. ಪರವಾನಗಿಯು ತೋಟದ ಒಡೆಯನ ಹೆಸರಿನಲ್ಲಿರುತ್ತದೆ. ಕೂಲಿಯವರ ಕೈಯಲ್ಲಿರುವುದು ಬ್ಯಾಟರಿಯೊಂದೇ. ಹಿಂದಿನ ಕಾವಲಿನಲ್ಲಿ ಬೆಳಕು ಹಿಡಿದವನ ಹಿಂದೆ ಕೋವಿಯೊಂದಾದರೂ ಇರುತ್ತಿತ್ತು; ಇಂದು ಅದೂ ಇಲ್ಲ. ತಮಿಳುನಾಡಿನ ವಾಲ್ಪಾರೈ ಬೆಟ್ಟಗಳಲ್ಲಿ ಆನೆಗಳ ಇರವನ್ನು ಸೂಚಿಸಲು ಕೆಂಪು ದೀಪಗಳನ್ನು ಮಿನುಗಿಸುವ, ಮೊಬೈಲಿಗೆ ಸಂದೇಶ ಕಳುಹಿಸುವ ವ್ಯವಸ್ಥೆಯು ಬೆಳೆದಿದೆ. ಮುನ್ನೆಚ್ಚರಿಕೆಯ ಇಂಥ ಕ್ರಮಗಳು ಹಾಸನದ ಬೆಟ್ಟಗಳಿಗೂ ಬಂದಿವೆ. ಕೋವಿಯಿಲ್ಲದವನಿಗೂ ಸಲ್ಲುವ ಕಾವಲೆಂಬುದೇ ಇವುಗಳ ಹೆಚ್ಚಳ.

ಮೇಲಣ ವಿವೇಚನೆಯಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಮಂಜರಾಬಾದು ಸೀಮೆಯಲ್ಲಿ ಕೋವಿಯು ಎಂದೂ ಒಂಟಿಯಾಗಿ ಮನೆಯನ್ನು ಕಾಯಲಿಲ್ಲ; ಬೆಳಕೂ ಅದನ್ನು ಹಿಡಿದ ಮನುಷ್ಯನೂ ಅದರೊಡನೆ ಇರಲೇಬೇಕಾಗಿತ್ತು. ಕೋವಿಯ ಹೆಸರು ಪರವಾನಗಿಯ ಪುಸ್ತಕದಲ್ಲಿ ದಾಖಲಾಗಿ ಚರಿತ್ರಕಾರನಿಗೆ ದೊರೆಯುತ್ತದೆ. ಬೆಳಕು ಹಿಡಿದವನ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಸ್ಥಳೀಯ ಚರಿತ್ರೆಯನ್ನು ಸಂಗ್ರಹಿಸಲು ಈ ಬೆಟ್ಟಗಳಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಗೋಡೆಯ ಮೇಲಿನ ಕೋವಿಯನ್ನು ಕುರಿತು ಕೇಳಿದ ಮೇಲೆ, ಅದರೊಡನೆ ದೀಪ ಹಿಡಿದು ನಡೆದವರು ಯಾರೆಂಬುದನ್ನೂ ಕೇಳಬೇಕು.