ಮಂಗನ ಕಾಯಿಲೆ: ಕ್ಯಾಸನೂರು ಕಾಡು ಕಲಿಸಿದ ಪಾಠ

ಸಾಂಕ್ರಾಮಿಕ ರೋಗಗಳು ಮನುಷ್ಯರಿಗೆ ಮಾತ್ರ ಬರುತ್ತವೆಂದು ನಾವು ತಿಳಿದಿರುತ್ತೇವೆ. ಆದರೆ ಕಾಡು, ಕಡಲುಗಳ ಪ್ರಾಣಿಗಳನ್ನೂ ಅವು ಬಿಡುವುದಿಲ್ಲ. 1988ರಲ್ಲಿ ಯೂರೋಪಿನ ಉತ್ತರ ಸಮುದ್ರದ ತೀರದಲ್ಲಿ ಸಾವಿರಾರು ಸೀಲ್‌ಗಳು ಸತ್ತವು. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ ವೈರಸ್ಸಿನ ಹತ್ತಿರದ ಸಂಬಂಧಿಯೊಂದು ಅದಕ್ಕೆ ಕಾರಣವಾಗಿತ್ತು. ಅಂಥದೇ ಒಂದು ಸಾವಿನ ಸರಣಿ ಅದಕ್ಕಿಂತ 31 ವರ್ಷ ಮೊದಲೇ ನಮ್ಮ ಮಲೆನಾಡಿನಲ್ಲಿ ಕಾಣಿಸಿಕೊಂಡಿತ್ತು. ಅಲ್ಲಿ ಸತ್ತದ್ದು ಮಂಗಗಳು ಮಾತ್ರವಲ್ಲ, ಮನುಷ್ಯರೂ ಹೌದು.

ಅದು 1957ರ ಮಾರ್ಚ್ ತಿಂಗಳು. ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿರುವ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸತ್ತು ಬೀಳುತ್ತಿದ್ದವು. ಅದೇ ಹೊತ್ತಿಗೆ ಕಾಡಿನಂಚಿನ ಹಳ್ಳಿಗಳ ಜನ ಇದ್ದಕ್ಕಿದ್ದಂತೆ ಜ್ವರ ಬಂದು ಮಲಗಿದರು. ವಿಪರೀತ ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮೊದಲಿಗೆ ಇದನ್ನು ವಿಷಮಶೀತ ಜ್ವರವೆಂದು ಭಾವಿಸಲಾಯಿತು.

ಮಂಗಗಳ ಸಾವಿನ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ತಲುಪಿದಾಗ ವಿಜ್ಞಾನಿಗಳು ಬೆಚ್ಚಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದರೆ ಅದು ಹಳದಿ ಜ್ವರದ ಮುನ್ಸೂಚನೆ. ಭಾರತಕ್ಕೆ ಎಂದೂ ಕಾಲಿಡದ ಆ ರೋಗವೇ ಇಲ್ಲಿಗೆ ಬಂದಿದೆಯೇ? ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ ವೈರಸ್ ಆಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣ್ಣಿಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ, ಅದುವರೆಗೆ ವಿಜ್ಞಾನಕ್ಕೆ ತಿಳಿಯದಿದ್ದ ವೈರಸ್ ಅದು. ಕಾಡಿನ ಹೆಸರೇ ರೋಗದ ಹೆಸರಾಯಿತು. ಜನರು ಮಾತ್ರ 'ಮಂಗನ ಕಾಯಿಲೆ' ಎಂದೇ ಕರೆದರು.

ಈ ಹೆಸರಿನಿಂದ ಅಪವಾದ ಮಂಗನ ಮೇಲೆ ಬಂತು. ನಿಜವಾಗಿ ರೋಗವನ್ನು ದಾಟಿಸುವುದು ಉಣ್ಣಿ, ಅಂದರೆ ಮಲೆನಾಡಿಗರ ಬಾಯಲ್ಲಿ ಉಣುಗು. ಸೋಂಕು ತಗುಲಿದ ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣಿಗಳು ಕೆಳಗುದುರಿ ಸುತ್ತಲಿನ ತರಗೆಲೆಗಳಲ್ಲಿ ಸೇರಿಕೊಳ್ಳುತ್ತವೆ. ಸೌದೆಗೋ ಸೊಪ್ಪಿಗೋ ದನ ಮೇಯಿಸಲೋ ಅತ್ತ ಹೋದವರಿಗೆ ಕಚ್ಚುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ.

ಇಷ್ಟು ಕಾಲ ಸುಮ್ಮನಿದ್ದ ರೋಗ ಆಗಲೇ ಏಕೆ ತಲೆಯೆತ್ತಿತು? ಕೊಲಂಬಿಯಾದ ವಿಜ್ಞಾನಿ ಜಾರ್ಜ್ ಬೋಶೆಲ್ 1969ರಲ್ಲಿ ಇದಕ್ಕೊಂದು ವಿವರಣೆ ನೀಡಿದರು. ಜನಸಂಖ್ಯೆ ಬೆಳೆದಂತೆ ಕಾಡು ಕಡಿದು ಗದ್ದೆ ಮಾಡಲಾಯಿತು. ದನಗಳು ಕಾಡಿನೊಳಕ್ಕೆ ಮೇಯಲು ಹೋದವು. ಬಲಿತ ಉಣ್ಣಿಗಳಿಗೆ ದನದ ರಕ್ತ ಧಾರಾಳವಾಗಿ ಸಿಕ್ಕಿ ಅವುಗಳ ಸಂತತಿ ಹೆಚ್ಚಿತು. ಕಾಡಿನೊಳಗೆ ಸಣ್ಣ ಪ್ರಾಣಿಗಳ ನಡುವೆ ಅಡಗಿದ್ದ ವೈರಸ್ಸಿಗೆ ಹೊರಬರಲು ದಾರಿಯಾಯಿತು. ಮುಂದೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದ ಬಳಿಕ ರೋಗ ಕಾಣಿಸಿಕೊಂಡಿತು. 1983ರಲ್ಲಿ 1,500ಕ್ಕೂ ಹೆಚ್ಚು ಜನರಿಗೆ ಕಾಯಿಲೆಯಾಗಿ, ಸುಮಾರು 150 ಮಂದಿ ಸತ್ತರು.

2012ರ ನಂತರ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರಗಳಲ್ಲಿಯೂ ರೋಗ ಪತ್ತೆಯಾಗಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅದರ ಹಾವಳಿಗೆ ತುತ್ತಾಯಿತು. ಹೆಗ್ಗನಹಳ್ಳಿಯಂಥ ನಗರದ ಬಡಾವಣೆಯ ವಿದ್ಯಾರ್ಥಿಗಳಿಗೆ ಇದು ದೂರದ ಕಥೆ ಎನಿಸಬಹುದು. ಆದರೆ ಮಲೆನಾಡಿನವರಿಗೆ ದಶಕಗಳ ಕಾಲ ನೀಡಿದ ಲಸಿಕೆ ತಯಾರಾದದ್ದು ಇದೇ ಬೆಂಗಳೂರಿನ ಹೆಬ್ಬಾಳದಲ್ಲಿ. ಅದರ ರಕ್ಷಣೆ ಸಾಲದೆಂದು ಕಂಡುಬಂದು ಬಳಕೆ ನಿಂತಿತು. ಈ ರೋಗಕ್ಕೆಂದೇ ಇರುವ ಔಷಧಿಯೂ ಇಲ್ಲ.

ಹೀಗಿರುವಾಗ ಮುನ್ನೆಚ್ಚರಿಕೆಯೇ ದೊಡ್ಡ ರಕ್ಷಣೆ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಡಬೇಕು, ಉಣ್ಣಿ ನಿವಾರಕ ತೈಲ ಹಚ್ಚಬೇಕು, ಮರಳಿದ ಮೇಲೆ ಬಿಸಿನೀರಿನಲ್ಲಿ ಮೈ ತೊಳೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ, ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಈ ಎಚ್ಚರ ಹೆಚ್ಚಾಗಿ ಬೇಕು. ಮಂಗನನ್ನು ಹೊಡೆದು ಓಡಿಸಿದರೆ ಉಣ್ಣಿ ಹೋಗುವುದಿಲ್ಲ. ಕಾಡಿನಲ್ಲಿ ಏನೋ ಕೆಟ್ಟಿದೆ ಎಂದು ಮನುಷ್ಯನಿಗೆ ಮೊದಲು ತಿಳಿಸುವ ಜೀವಿ ಅದು. 1957ರಲ್ಲಿ ಆ ಸುದ್ದಿಗೆ ಕಿವಿಗೊಟ್ಟದ್ದರಿಂದಲೇ ರೋಗದ ಗುರುತು ಸಿಕ್ಕಿತು.