ಪುರಾವೆಯ ಹೊರೆ ಯಾರ ಹೆಗಲಿಗೆ?

ಅಣ್ವಸ್ತ್ರ ಪರೀಕ್ಷೆಗಳಲ್ಲಿ ವಿಕಿರಣಕ್ಕೆ ಮೈಯೊಡ್ಡಿದ ಸೈನಿಕರಿಗೆ ಗೌರವ ಸಿಕ್ಕಿದ್ದು ತೀರಾ ತಡವಾಗಿ. 1946ರ ಜುಲೈನಲ್ಲಿ ಬಿಕಿನಿ ಹವಳದ್ವೀಪದ ಪರೀಕ್ಷೆಗಳಿಗೆ ಅಮೆರಿಕ ಸುಮಾರು 42,000 ಜನರನ್ನು ನಿಯೋಜಿಸಿತ್ತು. ಜುಲೈ 25ರಂದು ನೀರಿನಡಿ ಸಿಡಿದ ಬಾಂಬು ಗುರಿಯಾಗಿ ನಿಲ್ಲಿಸಿದ್ದ ಹಡಗುಗಳನ್ನು ವಿಕಿರಣದ ನೀರಿನಲ್ಲಿ ತೋಯಿಸಿತು. ನಾವಿಕರು ಅವುಗಳನ್ನೇರಿ ಸೋಪು, ಬ್ರಷ್ ಹಿಡಿದು ಡೆಕ್ ಉಜ್ಜಿದರು. ಕೊಳೆ ಹೋಯಿತು, ವಿಕಿರಣ ಹೋಗಲಿಲ್ಲ. 1954ರ ಸೆಪ್ಟೆಂಬರ್ 14ರಂದು ಟೋಟ್ಸ್ಕೊಯೆಯಲ್ಲಿ ಸೋವಿಯತ್ ಸೇನೆ ನಿಜವಾದ ಅಣುಬಾಂಬು ಸಿಡಿಸಿ ಸುಮಾರು 45,000 ಸೈನಿಕರಿಂದ ಕವಾಯತು ಮಾಡಿಸಿತು. 1957-58ರಲ್ಲಿ ಕ್ರಿಸ್‌ಮಸ್ ದ್ವೀಪದಲ್ಲಿ ಬ್ರಿಟಿಷ್ ಸೈನಿಕರನ್ನು ಸ್ಫೋಟಕ್ಕೆ ಬೆನ್ನು ತಿರುಗಿಸಿ ಕೂರಿಸಲಾಯಿತು. ಮುಚ್ಚಿದ ಕಣ್ಣಿನ ಮೇಲೆ ಅಂಗೈ ಇಟ್ಟಿದ್ದರೂ ಬೆರಳಿನ ಎಲುಬುಗಳು ಕಂಡವೆಂದು ಅವರಲ್ಲಿ ಅನೇಕರು ಮುಂದೆ ಹೇಳಿದರು. ಅಮೆರಿಕದ ಸೈನಿಕರ ಬಾಯಿಗೆ ಹಾಕಿದ್ದ ಗೋಪ್ಯತೆಯ ಬೀಗ ಕಾನೂನುಬದ್ಧವಾಗಿ ತೆರೆದದ್ದು 1996ರಲ್ಲಿ.

ಮೌನ ಮೊದಲು ಮುರಿದದ್ದು ಸೈನಿಕರ ಸಂಘಟನೆಯಿಂದ. ಅಮೆರಿಕದ ಸಂಘ ಹುಟ್ಟಿದ್ದು 1979ರಲ್ಲಿ, ಬ್ರಿಟನ್ನಿನದು 1983ರಲ್ಲಿ. ಅದರ ಬೆನ್ನಿಗೆ ಅಂಕಿಅಂಶ ಬಂತು. ನೆವಾಡಾದಲ್ಲಿ 1957ರಲ್ಲಿ ನಡೆದ ‘ಸ್ಮೋಕಿ’ ಪರೀಕ್ಷೆಯಲ್ಲಿದ್ದ 3,224 ಜನರ ಅಧ್ಯಯನ 1980ರಲ್ಲಿ ಹೊರಬಂತು: ನಿರೀಕ್ಷೆ 3.5 ರಕ್ತ ಕ್ಯಾನ್ಸರ್, ಕಂಡದ್ದು 9. ಆದರೆ ನಿಜವಾದ ತಿರುವು 1988ರ ಅಮೆರಿಕದ ಕಾನೂನು. ಪರೀಕ್ಷೆಯ ಸ್ಥಳದಲ್ಲಿದ್ದವನಿಗೆ ಪಟ್ಟಿಯಲ್ಲಿರುವ 13 ಬಗೆಯ ಕ್ಯಾನ್ಸರ್‌ಗಳಲ್ಲಿ ಒಂದು ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು ಎಂದಿತು ಅದು. ಪುರಾವೆಯ ಹೊರೆ ರೋಗಿಯ ಹೆಗಲಿನಿಂದ ಇಳಿಯಿತು. ಕೆನಡಾ 2008ರಲ್ಲಿ ತಲಾ 24,000 ಡಾಲರ್ ಕೊಟ್ಟಿತು. ಫ್ರಾನ್ಸ್ 2010ರಲ್ಲಿ ಪರಿಹಾರದ ಕಾನೂನು ತಂದಿತು. ಬ್ರಿಟನ್ನಿನ ಪರೀಕ್ಷೆಗಳಲ್ಲಿ ದುಡಿದ ತನ್ನ ಸೈನಿಕರಿಗೆ ಫಿಜಿ 2015ರಲ್ಲಿ ತಾನೇ ಹಣ ಕೊಟ್ಟಿತು. ಬ್ರಿಟನ್ ಪದಕ ಘೋಷಿಸಿದ್ದು 2022ರಲ್ಲಿ, ತನ್ನ ಮೊದಲ ಸ್ಫೋಟಕ್ಕೆ 70 ವರ್ಷ ತುಂಬಿದಾಗ.

ಇಂಥ ಪರಿಹಾರಕ್ಕೆ ಗಟ್ಟಿಯಾದ ಆಕ್ಷೇಪವೂ ಇದೆ. ಬ್ರಿಟನ್ನಿನ 20,000ಕ್ಕೂ ಹೆಚ್ಚು ಮಾಜಿ ಸೈನಿಕರ ಕುರಿತ 1988ರ ಅಧಿಕೃತ ಅಧ್ಯಯನದಲ್ಲಿ, ಹೋಲಿಕೆಗೆ ತೆಗೆದುಕೊಂಡ ಇತರ ಸೈನಿಕರಿಗಿಂತ ಅವರ ಒಟ್ಟು ಮರಣ ಪ್ರಮಾಣ ಹೆಚ್ಚಿರಲಿಲ್ಲ. ಹಾಗಿದ್ದಮೇಲೆ ಪರಿಹಾರವೇಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಗುಂಪಿನ ಸರಾಸರಿ ಒಬ್ಬೊಬ್ಬನ ಕಥೆ ಹೇಳುವುದಿಲ್ಲ. ವಿಕಿರಣ ಅಳೆಯುವ ಫಿಲ್ಮ್ ಬ್ಯಾಡ್ಜನ್ನು ಎಲ್ಲರಿಗೂ ಕೊಟ್ಟಿರಲಿಲ್ಲ. ಆಜ್ಞೆ ಸರ್ಕಾರದ್ದು, ಅಳತೆ ಸರ್ಕಾರದ್ದು, ಕಡತವೂ ಸರ್ಕಾರದ್ದು. ಅಳೆಯದೆ ಬಿಟ್ಟದ್ದರ ನಷ್ಟವನ್ನು ಆಜ್ಞೆ ಪಾಲಿಸಿದವನೇ ಹೊರಬೇಕೆನ್ನುವುದು ನ್ಯಾಯವಲ್ಲ.

ನಮ್ಮಲ್ಲಿ ಏನಾಗಿದೆ? 1974ರ ಮೇ 18ರ ಪೋಖ್ರಾನ್ ಪರೀಕ್ಷೆಯ ಮುಂದಾಳು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. 1975ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು, ಅದು ಸಲ್ಲಬೇಕಾದ ಗೌರವವೇ. ಮರುಭೂಮಿಯಲ್ಲಿ 107 ಮೀಟರ್ ಆಳದ ಬಾವಿ ತೋಡಿದವರು 61ನೇ ಎಂಜಿನಿಯರ್ ರೆಜಿಮೆಂಟಿನ ಜವಾನರು. 1998ರ ಪರೀಕ್ಷೆಗಳಿಗೆ ಸ್ಥಳ ಸಿದ್ಧಪಡಿಸಿದ್ದು 58ನೇ ರೆಜಿಮೆಂಟ್. ಭೂಗತ ಪರೀಕ್ಷೆಯನ್ನು ಬಿಕಿನಿಗೆ ಹೋಲಿಸಬಾರದೆಂದರೆ ಒಪ್ಪೋಣ. ಈ ಜವಾನರನ್ನು ರೋಗಿಗಳೆಂದು ಕರೆಯುವುದೂ ಇಲ್ಲಿನ ಉದ್ದೇಶವಲ್ಲ. ಆದರೆ ಗೌರವಕ್ಕೆ ಕಾಯಿಲೆಯೇ ಅರ್ಹತೆಯಾಗಬೇಕಿಲ್ಲ. ಇನ್ನು ಪುರಾವೆಯ ಹೊರೆಯ ಮಾತು: ಸೇನೆಗೆ ಸೇರುವಾಗ ಆರೋಗ್ಯವಂತನಾಗಿದ್ದವನಿಗೆ ಸೇವೆಯಲ್ಲಿ ಕಾಯಿಲೆ ಬಂದರೆ, ಅದಕ್ಕೆ ಸೇವೆ ಕಾರಣವಲ್ಲವೆಂದು ಸೇನೆಯೇ ಸಾಬೀತುಪಡಿಸಬೇಕು, ಸಂಶಯದ ಲಾಭ ಸೈನಿಕನಿಗೆ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ತತ್ವ ನಮ್ಮಲ್ಲೇ ಇದೆ. ತೊಡಕೆಂದರೆ, ವಿಕಿರಣದಿಂದ ಬರುವ ಕ್ಯಾನ್ಸರ್ ನಿವೃತ್ತಿಗಾಗಿ ಕಾಯುತ್ತದೆ. ಅನೇಕ ಸಲ ಹತ್ತಿಪ್ಪತ್ತು ವರ್ಷ ಬಿಟ್ಟು ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಸೈನಿಕ ತನ್ನ ಊರಿಗೆ ಮರಳಿ, ಸೇವಾ ವಿವರದ ಡಿಸ್ಚಾರ್ಜ್ ಬುಕ್ ಹಿಡಿದು ಮಾಜಿ ಸೈನಿಕರ ಇಸಿಎಚ್‌ಎಸ್ ಚಿಕಿತ್ಸಾಲಯದ ಸರದಿಯಲ್ಲಿ ನಿಂತಿರುತ್ತಾನೆ. ವಿಕಿರಣದ ಬಳಿ ದುಡಿಯುವ ಪ್ರತಿ ಸೈನಿಕನಿಗೂ ಎಲ್ಲಿದ್ದ, ಎಷ್ಟು ದಿನ ಇದ್ದ, ಎಷ್ಟು ವಿಕಿರಣ ತಾಗಿತು ಎಂಬ ವಿವರ ಆ ಪುಸ್ತಕದಲ್ಲೇ ಸಿಗಬೇಕು. ಎದೆಯ ಮೇಲಿನ ಪದಕವನ್ನು ಊರು ನೋಡುತ್ತದೆ. ಪುಸ್ತಕದಲ್ಲಿನ ಆ ಸಾಲನ್ನು ವೈದ್ಯರು ಓದುತ್ತಾರೆ. ಎರಡೂ ಬೇಕು, ಆದರೆ ಮೊದಲು ಆ ಸಾಲು ಬರಲಿ.