ಪಟ್ಟಿಯಲ್ಲಿ ಕಡಿದ ಎರಡು ಕಾಸು

ಹುಬ್ಬಳ್ಳಿಯ ಎ.ಪಿ.ಎಂ.ಸಿ.ಯಲ್ಲಿ ಗೋಧಿ ಮಾರಿದ ರೈತನ ಕೈಗೆ ಒಂದು ಪಟ್ಟಿ ಬರುತ್ತದೆ. ತೂಕ, ದರ, ಒಟ್ಟು ಮೊತ್ತ. ಅದರ ಕೆಳಗೆ ಹಮಾಲಿ, ತೂಕದ ಕೂಲಿ ಎಂಬ ಕಡಿತಗಳು. ಅಮೆರಿಕದ ಕ್ಯಾನ್ಸಸ್ ರಾಜ್ಯದ ರೈತ ಗೋಧಿ ಮಾರಿದಾಗಲೂ ಕಡಿತ ತಪ್ಪಿದ್ದಲ್ಲ. ಆದರೆ ಅಲ್ಲಿನ ಪಟ್ಟಿಯಲ್ಲಿ ನಮ್ಮ ರೈತ ಕಂಡರಿಯದ ಒಂದು ಬಾಬ್ತು ಇದೆ. ಒಂದು ಬುಶೆಲ್‌ಗೆ, ಅಂದರೆ ಸುಮಾರು 27 ಕಿಲೋ ಗೋಧಿಗೆ, ಒಂದೆರಡು ಸೆಂಟ್. ಇದು ದಲ್ಲಾಳಿಯ ಪಾಲಲ್ಲ. ಹೊಸ ತಳಿ ಹುಡುಕಲು ಮತ್ತು ಹೊಸ ಗಿರಾಕಿಯನ್ನು ಹುಡುಕಲು ರೈತನೇ ಎತ್ತಿಡುವ ಹಣ. ಅಲ್ಲಿ ಇದನ್ನು 'ಚೆಕ್‌ಆಫ್' ಎನ್ನುತ್ತಾರೆ.

ಹನಿಗೂಡಿದರೆ ಹಳ್ಳ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆದರೆ ಹನಿಗೂಡಿಸುವ ಅಗತ್ಯ ಬಂದದ್ದೇಕೆ?

ಉತ್ತರ ಗೋಧಿಯ ಸ್ವಭಾವದಲ್ಲಿಯೇ ಇದೆ. ಗೋಧಿ ತನ್ನ ಹೂವಿನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಈ ವರ್ಷದ ಫಸಲಿನಲ್ಲಿ ಒಂದಿಷ್ಟನ್ನು ತೆಗೆದಿಟ್ಟು ಮುಂದಿನ ವರ್ಷ ಬಿತ್ತಿದರೆ ಅದೇ ತಳಿ ಮತ್ತೆ ಬರುತ್ತದೆ. ಹೈಬ್ರಿಡ್ ಮೆಕ್ಕೆಜೋಳದ ಹಾಗೆ ಪ್ರತಿ ವರ್ಷ ಅಂಗಡಿಗೆ ಹೋಗಬೇಕಿಲ್ಲ. ಹೀಗಾಗಿ ಬೀಜದ ಕಂಪೆನಿಗಳಿಗೆ ಗೋಧಿಯ ಮೇಲೆ ಹಣ ಹೂಡುವ ಉತ್ಸಾಹ ಬಹುಕಾಲ ಇರಲಿಲ್ಲ. ಒಬ್ಬ ರೈತ ಸ್ವಂತ ಖರ್ಚಿನಲ್ಲಿ ತಳಿ ಬೆಳೆಸಿದರೂ ಲಾಭ ಊರಿಗೆಲ್ಲ ಹಂಚಿಹೋಗುತ್ತದೆ. ಎಲ್ಲರಿಗೂ ಬೇಕು, ಯಾರೊಬ್ಬರೂ ಮಾಡಲಾರರು ಎಂಬಂಥ ಕೆಲಸ ಇದು. ಸರ್ಕಾರ ಮಾಡಬೇಕು, ಇಲ್ಲವೇ ಎಲ್ಲರೂ ಸೇರಿ ಮಾಡಬೇಕು.

ಆಯೋಗಗಳ ಹುಟ್ಟು

ಸೇರಿ ಮಾಡುವ ದಾರಿಯನ್ನು ಮೊದಲು ಹಿಡಿದವರಲ್ಲಿ ಅಮೆರಿಕದ ವಾಯವ್ಯ ಮೂಲೆಯ ಒರೆಗಾನ್ ರಾಜ್ಯದ ಬೆಳೆಗಾರರು ಸೇರಿದ್ದಾರೆ. ಇಪ್ಪತ್ತರ ದಶಕದಲ್ಲೇ ಸಂಘ ಕಟ್ಟಿಕೊಂಡಿದ್ದ ಅವರಿಗಾಗಿ 1947ರಲ್ಲಿ ರಾಜ್ಯದ ಕಾನೂನಿನ ಮೂಲಕ ಗೋಧಿ ಆಯೋಗ ರಚನೆಯಾಯಿತು. 1957ರಲ್ಲಿ ಕ್ಯಾನ್ಸಸ್, 1958ರಲ್ಲಿ ವಾಷಿಂಗ್ಟನ್ ರಾಜ್ಯ ಅದೇ ಹಾದಿ ತುಳಿದವು. ಗೋಧಿಯನ್ನು ಮೊದಲು ಕೊಳ್ಳುವ ವ್ಯಾಪಾರಿಯೇ ಹಣ ಕಡಿದು ಆಯೋಗಕ್ಕೆ ಕಟ್ಟಬೇಕು. ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ತೀರ್ಮಾನಿಸುವ ಮಂಡಳಿಯಲ್ಲಿ ಕೂರುವವರು ರೈತರು. ಕ್ಯಾನ್ಸಸ್‌ನಲ್ಲಿ ಈ ವ್ಯವಸ್ಥೆ ಒಪ್ಪದ ರೈತ ಅರ್ಜಿ ಹಾಕಿ ಹಣ ವಾಪಸು ಪಡೆಯಬಹುದು. ಅಲ್ಲಿನ ಮ್ಯಾನ್‌ಹಟನ್ ಪಟ್ಟಣದಲ್ಲಿ ರಾಜ್ಯದ ವಿಶ್ವವಿದ್ಯಾಲಯದ ಪಕ್ಕದಲ್ಲಿ 2012ರಲ್ಲಿ ಬಾಗಿಲು ತೆರೆದ ಗೋಧಿ ಸಂಶೋಧನಾ ಕೇಂದ್ರ ಎದ್ದುನಿಂತದ್ದು ಈ ಸೆಂಟ್‌ಗಳಿಂದಲೇ.

ಇಂಥ ನಂಟಿನ ಇನ್ನೊಂದು ಎಳೆ ನಮ್ಮ ಊಟದ ತಟ್ಟೆಯವರೆಗೂ ಬಂದಿದೆ. ಮೆಕ್ಸಿಕೋದ ಸೊನೋರಾ ರಾಜ್ಯದ ಯಾಕಿ ಕಣಿವೆಯಲ್ಲಿ ನಾರ್ಮನ್ ಬೋರ್ಲಾಗ್ ಗಿಡ್ಡ ಗೋಧಿಯ ತಳಿಗಳನ್ನು ರೂಪಿಸಿದರು. ಆ ಪ್ರಯೋಗಗಳ ಬೆನ್ನಿಗೆ ನಿಂತವರು ಕಣಿವೆಯ ರೈತರು. 'ಪಾತ್ರೊನಾತೊ' ಎಂಬ ಅವರ ಸಂಸ್ಥೆ ಇಂದಿಗೂ ಅಲ್ಲಿನ ಪ್ರಯೋಗದ ತಾಕುಗಳಿಗೆ ಆಸರೆಯಾಗಿದೆ. 1966ರಲ್ಲಿ ಭಾರತ 18,000 ಟನ್ ಮೆಕ್ಸಿಕನ್ ಬೀಜ ತರಿಸಿಕೊಂಡಿತು. ಅದರಲ್ಲಿದ್ದ ಒಂದು ತಳಿಯ ಹೆಸರೇ ಸೊನೋರಾ 64.

ಜಪಾನಿನ ಅಡುಗೆ ಬಸ್ಸು

ಬೀಜ ಸುಧಾರಿಸಿ ಇಳುವರಿ ಹೆಚ್ಚಿದರೆ ಇನ್ನೊಂದು ತಲೆನೋವು ಶುರುವಾಗುತ್ತದೆ. ಕಣಜ ತುಂಬಿದಾಗ ಬೆಲೆ ಕುಸಿಯುತ್ತದೆ. ಐವತ್ತರ ದಶಕದಲ್ಲಿ ಒರೆಗಾನ್ ಬೆಳೆಗಾರರ ಕಣ್ಣು ಪೆಸಿಫಿಕ್ ಸಾಗರದಾಚೆಯ ಜಪಾನಿನ ಮೇಲೆ ಬಿತ್ತು. ಅದು ಅನ್ನ ಉಣ್ಣುವ ನಾಡು. ಅಲ್ಲಿ ಗೋಧಿ ಮಾರುವುದು ಹೇಗೆ?

1954ರ ಪಿ.ಎಲ್. 480 ಕಾಯಿದೆ ದಾರಿ ತೋರಿಸಿತು. ಬರಗಾಲದ ದಿನಗಳಲ್ಲಿ ಭಾರತಕ್ಕೆ ಹಡಗುಗಟ್ಟಲೆ ಗೋಧಿ ತಂದದ್ದೂ ಇದೇ ಕಾಯಿದೆ. ಇದರಡಿ ದೊರೆತ ಹಣದ ನೆರವಿನಿಂದ ಒರೆಗಾನ್ ಬೆಳೆಗಾರರ ಸಂಘ 1956ರಲ್ಲಿ ಜಪಾನಿನ ಸಂಸ್ಥೆಯೊಂದರ ಜತೆ ಸೇರಿ ಅಡುಗೆ ಬಸ್ಸುಗಳನ್ನು ಹೊರಡಿಸಿತು. ಒಲೆ, ಪಾತ್ರೆಗಳನ್ನು ಹೊತ್ತ ಈ ಬಸ್ಸುಗಳು ಹಳ್ಳಿಗಳಲ್ಲಿ ನಿಂತು ಗೃಹಿಣಿಯರ ಮುಂದೆ ಪೌಷ್ಟಿಕ ಅಡುಗೆ ಮಾಡಿ ತೋರಿಸಿದವು. ತೋರಿಸುವ ಅಡುಗೆಗಳಲ್ಲಿ ಗೋಧಿ ಇರಲೇಬೇಕು ಎಂಬುದು ಕರಾರು. ಶಾಲೆಯ ಮಧ್ಯಾಹ್ನದೂಟದಲ್ಲಿ ಬ್ರೆಡ್ ಅದಾಗಲೇ ಬಂದಿತ್ತು.

1962ರಲ್ಲಿ ಜಪಾನಿನಲ್ಲಿ ತಲೆಗೆ ವರ್ಷಕ್ಕೆ 118 ಕಿಲೋ ಅಕ್ಕಿ ಖರ್ಚಾಗುತ್ತಿತ್ತು. ಅಲ್ಲಿಂದ ಇಳಿಯುತ್ತಾ ಬಂದು ಅದು ಅರ್ಧಕ್ಕಿಂತ ಕಡಿಮೆಯಾಗಿದೆ. ಸಂಪಾದನೆ ಹೆಚ್ಚಿದ್ದು, ನಗರಜೀವನ ಎಲ್ಲವೂ ಇದಕ್ಕೆ ಕಾರಣ. ಬಸ್ಸುಗಳ ಮೇಲಷ್ಟೇ ಹೊಣೆ ಹೊರಿಸಲಾಗದು. ಆದರೂ ಒಂದು ದೇಶದ ರೈತನ 'ಮಾರುಕಟ್ಟೆ ಅಭಿವೃದ್ಧಿ' ಇನ್ನೊಂದು ದೇಶದ ರೈತನ ಗಿರಾಕಿಯನ್ನು ಸೆಳೆಯಬಲ್ಲದು ಎಂಬ ಮಾತು ಜಪಾನಿನಲ್ಲಿ ಈಗಲೂ ಕೇಳಿಬರುತ್ತದೆ. ಇದರಲ್ಲೊಂದು ಸೋಜಿಗವೂ ಇದೆ. ಬೋರ್ಲಾಗರ ಗೋಧಿಗೆ ಗಿಡ್ಡತನ ಬಂದದ್ದು ಜಪಾನಿನ 'ನೋರಿನ್ 10' ತಳಿಯಿಂದ. ಅದನ್ನು ಅಮೆರಿಕದ ತಳಿಯೊಂದಿಗೆ ಕೂಡಿಸಿ ಬೋರ್ಲಾಗರಿಗೆ ಕಳಿಸಿದವರು ವಾಷಿಂಗ್ಟನ್ ರಾಜ್ಯದ ವಿಜ್ಞಾನಿ ಆರ್ವಿಲ್ ವೋಗೆಲ್. ಬೀಜ ಆ ಕಡೆಯಿಂದ ಈ ಕಡೆ ಬಂತು, ಬ್ರೆಡ್ಡು ಈ ಕಡೆಯಿಂದ ಆ ಕಡೆ ಹೋಯಿತು.

ಆಸ್ಟ್ರೇಲಿಯದ ರೈತರದೂ ಇಂಥದೇ ಕಥೆ. 1957ರಲ್ಲಿ ಬುಶೆಲ್‌ಗೆ ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ, ವಂತಿಗೆಯಿಂದ ಅಲ್ಲಿ ಗೋಧಿ ಸಂಶೋಧನೆಗೆ ನಿಧಿ ಆರಂಭವಾಯಿತು. 1990ರಲ್ಲಿ ಧಾನ್ಯ ಸಂಶೋಧನಾ ನಿಗಮ ಬಂದ ಮೇಲೆ ರೈತರು ಕೊಡುವುದು ಫಸಲಿನ ಬೆಲೆಯ ಶೇಕಡ 1ರ ಆಸುಪಾಸು. ಸರ್ಕಾರವೂ ಒಂದು ಮಿತಿಯವರೆಗೆ ತನ್ನ ಪಾಲು ಸೇರಿಸುತ್ತದೆ. ಜಪಾನಿಗರ ಉದಾನ್ ಶ್ಯಾವಿಗೆಗೆ ಒಪ್ಪುವ ಮೆದು ಗೋಧಿಯನ್ನೇ ಪಶ್ಚಿಮ ಆಸ್ಟ್ರೇಲಿಯ ಬೆಳೆಸಿ ಕಳಿಸುತ್ತದೆ. ಗಿರಾಕಿಯ ನಾಲಿಗೆಯನ್ನು ಬದಲಿಸುವುದು ಒಂದು ದಾರಿಯಾದರೆ, ಅವನ ನಾಲಿಗೆಗೆ ತಕ್ಕಂತೆ ಬೀಜವನ್ನು ಬದಲಿಸುವುದು ಇನ್ನೊಂದು ದಾರಿ.

ನಮ್ಮಲ್ಲಿ?

ಇಂಥ ವ್ಯವಸ್ಥೆ ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. 1935ರ ಕಾಯಿದೆಯಂತೆ ಕಾಫಿಯ ಮೇಲೆ ಸೆಸ್ ವಿಧಿಸಲಾಯಿತು. ಆ ಹಣದಿಂದ ನಡೆದ ಸಮಿತಿ 1936ರಲ್ಲಿ ಮುಂಬಯಿಯಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಕೊಡಗು, ಚಿಕ್ಕಮಗಳೂರಿನ ತೋಟಗಳ ಕಾಫಿಗೆ ದೇಶದೊಳಗೇ ಗಿರಾಕಿ ಹುಟ್ಟಿಸುವ ಯತ್ನ ಅದು. ಇಂದು ಕಾಫಿ ಹೌಸ್‌ನಲ್ಲಿ ಕೂತು ಹರಟುವವರಿಗೆ ಅದು ಮಾರುಕಟ್ಟೆ ಅಭಿವೃದ್ಧಿಯ ಕೂಸು ಎಂಬುದು ನೆನಪಿರಲಾರದು.

ಗೋಧಿಯ ಮಾತು ಬೇರೆ. ನಮ್ಮಲ್ಲಿ ಗೋಧಿ ಸಂಶೋಧನೆಯ ಭಾರವನ್ನು ಹೆಚ್ಚಾಗಿ ಸರ್ಕಾರವೇ ಹೊತ್ತಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಜವೆ ಗೋಧಿಯಲ್ಲಿ ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಎಂಬ ಗಿಡ್ಡ ತಳಿಗಳನ್ನು ಕೊಟ್ಟದ್ದು ಸಾರ್ವಜನಿಕ ಹಣದಿಂದ. ಎರಡೆಕರೆ ರೈತನ ಪಟ್ಟಿಯಲ್ಲಿ ಇನ್ನೊಂದು ಕಡಿತ ಸೇರಿಸಿ ಎಂದು ಯಾರೂ ಹೇಳಲಾರರು. ಕ್ಯಾನ್ಸಸ್ ರೈತನ ಹೊಲ ನೂರಾರು ಎಕರೆಯದು. ಆತ ಬೆಳೆಯುವುದೇ ಮಾರುವುದಕ್ಕೆ. ನಮ್ಮ ರೈತ ಮನೆಗೆ ಇಟ್ಟುಕೊಂಡು ಉಳಿದದ್ದನ್ನು ಮಾರುತ್ತಾನೆ.

ಆದರೆ ಕಾಸಿನ ಜತೆಗೇ ಇನ್ನೊಂದು ಸಂಗತಿ ಇದೆ. ಕಾಸು ಕೊಟ್ಟವನು ಲೆಕ್ಕ ಕೇಳುತ್ತಾನೆ. ತುಕ್ಕುರೋಗ ತಡೆಯುವ ತಳಿ ಮೊದಲು ಬೇಕೋ, ಒಣಬೇಸಾಯಕ್ಕೆ ಒಗ್ಗುವ ತಳಿ ಮೊದಲು ಬೇಕೋ ಎಂದು ಮೇಜಿನ ಈಚೆ ಕೂತು ಹೇಳುತ್ತಾನೆ. ವಿಜಯಪುರ, ಬಾಗಲಕೋಟೆಯ ಎರೆಹೊಲದಲ್ಲಿ ಮಣ್ಣಿನ ತೇವವನ್ನೇ ನಂಬಿ ಗೋಧಿ ಬಿತ್ತುವವನಿಗೂ ಹೇಳುವುದು ಬೇಕಾದಷ್ಟಿದೆ. ಕಾಸು ಕಡಿಯದೆಯೇ ಆತನಿಗೂ ಆ ಮೇಜಿನ ಬಳಿ ಒಂದು ಕುರ್ಚಿ ಹಾಕಬಹುದಲ್ಲವೆ?